ಎದೆಹಾಲು ಕುಡಿಸುವುದು: ಹೊಸ ಬಾಣಂತಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆ ಚೊಚ್ಚಲ ಬಾಣಂತನ ಹೆಚ್ಚಾಗಿ ತವರಿನಲ್ಲೇ. ಸಹಜ ಹೆರಿಗೆಯಾದರೆ ಎರಡು ಮೂರು ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ. ಹಾಲು ಇಳಿಯುವುದು, ಎದೆ ಕಲ್ಲಾಗುವುದು, ತೊಟ್ಟು ಒಡೆಯುವುದು, ನೋಡಲು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟು ಹೋಗುವುದು, ಎಲ್ಲ ಶುರುವಾಗುವುದು ಆಮೇಲೆ. ಅಷ್ಟು ಹೊತ್ತಿಗೆ ಪಕ್ಕದಲ್ಲಿ ನರ್ಸಮ್ಮ ಇರುವುದಿಲ್ಲ. ಆ ದಿನಗಳಲ್ಲಿ ಏಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ: ಬಾಯಿ ತುಂಬ ಕಚ್ಚಿಸಿ, ಕೇಳಿದಾಗಲೆಲ್ಲ ಕುಡಿಸಿ. ತೊಂದರೆ ಎಂದು ಬರುವುದರಲ್ಲಿ ಮುಕ್ಕಾಲು ಪಾಲು ಈ ಎರಡರಲ್ಲಿ ಒಂದು ತಪ್ಪಿದ್ದರಿಂದಲೇ ಆಗಿರುತ್ತದೆ.

ಹೆರಿಗೆಯಾದ ಎಷ್ಟು ಹೊತ್ತಿಗೆ ಮಗುವನ್ನು ಎದೆಗೆ ಹಾಕಬೇಕು? ಸಿಸೇರಿಯನ್ ಆಗಿದ್ದರೆ?

ಒಂದು ಗಂಟೆಯೊಳಗೆ. ಮಗುವನ್ನು ಒರೆಸಿ, ಬಟ್ಟೆ ಸುತ್ತದೆ ತಾಯಿಯ ಬರಿ ಎದೆಯ ಮೇಲೆ ಬೋರಲು ಮಲಗಿಸಿ, ಇಬ್ಬರಿಗೂ ಸೇರಿಸಿ ಮೇಲೊಂದು ಬಟ್ಟೆ ಹೊದಿಸಬೇಕು. ಹಾಗೆ ಬಿಟ್ಟರೆ ಎಷ್ಟೋ ಮಕ್ಕಳು ತಾವಾಗಿಯೇ ತೆವಳಿ ತೊಟ್ಟು ಹುಡುಕಿಕೊಳ್ಳುತ್ತವೆ. ಹುಟ್ಟಿದ ಮೊದಲ ಒಂದೆರಡು ಗಂಟೆ ಮಗು ಕಣ್ಣು ಬಿಟ್ಟುಕೊಂಡು ಚುರುಕಾಗಿರುತ್ತದೆ. ಆಮೇಲೆ ಜೋರು ನಿದ್ದೆಗೆ ಜಾರುತ್ತದೆ, ಎಬ್ಬಿಸುವುದು ಕಷ್ಟ.

ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ತಾಯಿಗೆ ಎಚ್ಚರ ಇರುತ್ತದೆ, ಕೈಯೂ ಆಡುತ್ತದೆ. ಜೊತೆಗೊಬ್ಬರು ಮಗುವನ್ನು ಹಿಡಿದುಕೊಂಡರೆ ಆಗಲೇ ಕುಡಿಸಬಹುದು. ಪೂರ್ತಿ ಪ್ರಜ್ಞೆ ತಪ್ಪಿಸಿದ್ದರೆ ಎಚ್ಚರವಾದ ಕೂಡಲೇ. ಆಪರೇಷನ್ ಆದವರಿಗೆ ಹಾಲು ಬರೋದಿಲ್ಲ ಎನ್ನುವುದು ಸುಳ್ಳು. ಒಂದು ದಿನ ತಡವಾಗಬಹುದು, ಅಷ್ಟೇ.

ಮೊದಲ ದಿನ ಹಾಲೇ ಬಂದಿಲ್ಲ, ಬರೀ ಅಂಟಂಟು ಹಳದಿ ನೀರು. ಮಗುವಿಗೆ ಸಾಕಾಗುತ್ತಾ?

ಅದೇ ಗಿಣ್ಣುಹಾಲು, ಮತ್ತು ಅದು ಸಾಕು. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದು 2ರಿಂದ 10 ಮಿ.ಲೀ. ಮಾತ್ರ. ಒಂದು ಟೀ ಚಮಚಕ್ಕೆ 5 ಮಿ.ಲೀ. ಹಿಡಿಯುತ್ತದೆ, ಲೆಕ್ಕ ಹಾಕಿ ನೋಡಿ. ಎರಡನೇ ದಿನ 5ರಿಂದ 15, ಮೂರನೇ ದಿನ 15ರಿಂದ 30 ಮಿ.ಲೀ. ಹೀಗೆ ಏರುತ್ತದೆ. ಮಗುವಿನ ಹೊಟ್ಟೆಯೂ ಆ ಲೆಕ್ಕದಲ್ಲೇ ಹಿಗ್ಗುವುದು.

ಮಾಸು ಹೊರಗೆ ಬಿದ್ದ ಮೇಲೆ ತಾಯಿಯ ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ. ಹಾಲು ಹೆಚ್ಚಲು ಅದೇ ಅಪ್ಪಣೆ. ಅದರ ಪರಿಣಾಮ ಕಾಣಲು ಎರಡರಿಂದ ನಾಲ್ಕು ದಿನ ಬೇಕು. ಅಲ್ಲಿಯ ತನಕ ಬರುವ ಗಿಣ್ಣುಹಾಲಿನಲ್ಲಿ ಸೋಂಕು ತಡೆಯುವ ಅಂಶ ತುಂಬಿರುತ್ತದೆ. ಹೊಟ್ಟೆಯೊಳಗಿನ ಕಪ್ಪು ಮಲವನ್ನು ಹೊರಗೆ ತಳ್ಳುವುದೂ ಅದೇ. ಹಸು ಕರು ಹಾಕಿದರೆ ಮೊದಲ ಗಿಣ್ಣು ಕರುವಿಗೆ ಕುಡಿಸದೆ ಯಾವ ರೈತನೂ ಬಿಡುವುದಿಲ್ಲ. ಮನುಷ್ಯರ ಗಿಣ್ಣನ್ನು ಮಾತ್ರ ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ.

ಜೇನುತುಪ್ಪ ನೆಕ್ಕಿಸಬಹುದಾ? ಬಜೆ ತೇಯ್ದು ಹಾಕಬಹುದಾ? ಸಕ್ಕರೆ ನೀರು, ಗ್ರೈಪ್ ವಾಟರ್?

ಯಾವುದೂ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವ ತನಕ ಬೆರಳ ತುದಿಯಷ್ಟೂ ಕೊಡಬಾರದು. ಅದರಲ್ಲಿ ಬೊಟುಲಿಸಂ ಎಂಬ ವಿಷಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಎಳೆಗೂಸಿನ ಕರುಳಿಗೆ ಅದನ್ನು ತಡೆಯುವ ಶಕ್ತಿ ಇಲ್ಲ. ನಮ್ಮ ತೋಟದ್ದೇ, ಶುದ್ಧ ತುಡುವೆ ಜೇನು ಎಂದರೂ ಮಾತು ಅದೇ. ಶುದ್ಧತೆಗೂ ಬೀಜಾಣುವಿಗೂ ಸಂಬಂಧವಿಲ್ಲ. ಉಂಗುರ ಅದ್ದಿ ಜೇನು ತಾಗಿಸುವ ಶಾಸ್ತ್ರ ಮಾಡಲೇಬೇಕು ಎನ್ನುವ ಹಿರಿಯರಿದ್ದರೆ, ಆ ಉಂಗುರವನ್ನು ಹಿಂಡಿದ ಎದೆಹಾಲಿಗೇ ಅದ್ದಿ ತುಟಿಗೆ ತಾಗಿಸಿ.

ಆರು ತಿಂಗಳ ತನಕ ನೀರು ಕೂಡ ಬೇಡ. ಅರಸೀಕೆರೆ, ಕಡೂರಿನ ಏಪ್ರಿಲ್ ಬಿಸಿಲಲ್ಲೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ಪಾಲು ನೀರೇ. ವೈದ್ಯರು ಬರೆದ ಲಸಿಕೆ, ಔಷಧಿ, ವಿಟಮಿನ್ ಡಿ ಹನಿ ಇವಕ್ಕೆ ಅಡ್ಡಿಯಿಲ್ಲ. ಡಿ ಹನಿ ದಿನಕ್ಕೆ 400 ಐಯು. ಕೆಲವು ಬಾಟಲಿಗಳಲ್ಲಿ 1 ಮಿ.ಲೀ.ಗೆ 400, ಇನ್ನು ಕೆಲವುಗಳಲ್ಲಿ 800 ಇರುತ್ತದೆ. ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ಚೀಟಿ ಓದಿಯೇ ಹಾಕಿ.

ಸರಿಯಾಗಿ ಕಚ್ಚಿಸುವುದು ಹೇಗೆ?

ಇದೊಂದನ್ನು ಕಲಿತರೆ ಉಳಿದ ಅರ್ಧ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ನಿಧಾನವಾಗಿ ಓದಿ, ಓದಿದ್ದನ್ನು ಮಗು ಕೈಯಲ್ಲಿ ಹಿಡಿದು ಮಾಡಿ ನೋಡಿ.

ಮೊದಲು ನೀವು ಕೂರುವುದು ಸರಿಯಾಗಲಿ. ಬೆನ್ನು ಗೋಡೆಗೆ ಆನಿಸಿ, ಸೊಂಟದ ಹಿಂದೆ ದಿಂಬು ಕೊಟ್ಟು, ತೊಡೆಯ ಮೇಲೆ ಮಡಿಸಿದ ಕಂಬಳಿ ಇಟ್ಟುಕೊಳ್ಳಿ. ಮಗುವನ್ನು ಎದೆಯ ಮಟ್ಟಕ್ಕೆ ಏರಿಸಬೇಕೇ ಹೊರತು ನೀವು ಬಗ್ಗಬಾರದು. ಬಗ್ಗಿ ಕುಡಿಸಿದರೆ ಹತ್ತು ದಿನದಲ್ಲಿ ಬೆನ್ನು ಹಿಡಿದುಕೊಳ್ಳುತ್ತದೆ, ಕಚ್ಚಿದ್ದೂ ಜಾರುತ್ತದೆ.

ಮಗುವನ್ನು ಪೂರ್ತಿ ನಿಮ್ಮ ಕಡೆ ಹೊರಳಿಸಿ, ಹೊಟ್ಟೆಗೆ ಹೊಟ್ಟೆ ತಾಗಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಮೈ ಮೇಲ್ಮುಖ, ಕತ್ತು ಮಾತ್ರ ನಿಮ್ಮ ಕಡೆ ಎಂದಾದರೆ ಮಗುವಿಗೆ ನುಂಗಲು ಆಗುವುದಿಲ್ಲ. ಕತ್ತು ಪಕ್ಕಕ್ಕೆ ತಿರುಗಿಸಿಕೊಂಡು ನೀವೇ ಒಂದು ಲೋಟ ನೀರು ಕುಡಿದು ನೋಡಿ, ಗೊತ್ತಾಗುತ್ತದೆ.

ಬಲ ಮೊಲೆಗೆ ಹಾಕುವಾಗ ಎಡಗೈಯಿಂದ ಮಗುವನ್ನು ಹಿಡಿಯಿರಿ: ಅಂಗೈ ಮಗುವಿನ ಬೆನ್ನ ಮೇಲೆ, ಹೆಬ್ಬೆರಳು ಮತ್ತು ಉಳಿದ ಬೆರಳು ಕಿವಿಗಳ ಕೆಳಗೆ ಕುತ್ತಿಗೆಯ ಬುಡದಲ್ಲಿ. ತಲೆಯ ಹಿಂಭಾಗ ಒತ್ತಬೇಡಿ. ಒತ್ತಿದರೆ ಮಗು ಹಿಂದಕ್ಕೆ ಸೆಟೆಯುತ್ತದೆ, ನೋಡಿದವರು ‘ಮಗು ಮೊಲೆ ಬೇಡ ಅನ್ನುತ್ತೆ’ ಎಂದುಕೊಳ್ಳುತ್ತಾರೆ. ಬಲಗೈಯಿಂದ ಮೊಲೆಯನ್ನು ಕೆಳಗಿನಿಂದ ಎತ್ತಿ ಹಿಡಿಯಿರಿ, ಬೆರಳು ಕಪ್ಪು ಭಾಗದಿಂದ ದೂರ ಇರಲಿ. ಸಿಗರೇಟು ಹಿಡಿದ ಹಾಗೆ ಎರಡು ಬೆರಳಿನ ನಡುವೆ ತೊಟ್ಟು ಹಿಡಿಯುವುದು ಬೇಡ. ಮಗು ಬಾಯಿ ಇಡಬೇಕಾದ ಜಾಗವನ್ನೇ ಬೆರಳು ಮುಚ್ಚುತ್ತದೆ.

ಈಗ ತೊಟ್ಟನ್ನು ಮಗುವಿನ ಮೂಗಿನ ನೇರಕ್ಕೆ ತಂದು ಮೇಲ್ತುಟಿಗೆ ಸವರಿ. ಮಗು ಬಾಯಿ ತೆರೆಯುತ್ತದೆ. ಸಣ್ಣಗೆ ತೆರೆದಾಗ ಅವಸರ ಬೇಡ, ಆಕಳಿಸುವಷ್ಟು ಅಗಲವಾಗುವ ತನಕ ಕಾಯಿರಿ. ಆ ಗಳಿಗೆಯಲ್ಲಿ ಮಗುವನ್ನು ಮೊಲೆಗೆ ತನ್ನಿ, ಗಲ್ಲ ಮೊದಲು ತಾಗಲಿ. ಮೊಲೆಯನ್ನು ಮಗುವಿನ ಬಾಯಿಗೆ ತುರುಕುವುದಲ್ಲ. ತೊಟ್ಟು ಬಾಯಿಯ ಮಧ್ಯಕ್ಕಿಂತ ಸ್ವಲ್ಪ ಮೇಲಕ್ಕೆ, ಅಂಗುಳದ ಕಡೆಗೆ ಹೋಗಬೇಕು.

ಸರಿಯಾಗಿ ಕಚ್ಚಿದೆಯೋ ಇಲ್ಲವೋ ನೋಡಲು: ಬಾಯಿ ಅಗಲವಾಗಿದೆ, ಕೆಳತುಟಿ ಹೊರಕ್ಕೆ ಮಡಿಚಿದೆ, ಗಲ್ಲ ಮೊಲೆಗೆ ಒತ್ತಿದೆ, ಕಪ್ಪು ಭಾಗ ಮೇಲ್ತುಟಿಯ ಮೇಲೆ ಹೆಚ್ಚು ಕಾಣುತ್ತದೆ, ಕೆಳಗೆ ಕಡಿಮೆ. ಕೆನ್ನೆ ಉಬ್ಬಿರುತ್ತದೆ. ಮೊದಲು ಬೇಗ ಬೇಗ ಚೀಪಿ, ಹಾಲು ಇಳಿದ ಮೇಲೆ ನಿಧಾನವಾಗಿ ಎಳೆದು ನುಂಗುತ್ತದೆ, ಗಂಟಲ ಸದ್ದು ಸಣ್ಣಗೆ ಕೇಳುತ್ತದೆ. ಕೆನ್ನೆ ಗುಳಿ ಬೀಳುತ್ತಿದ್ದರೆ, ‘ಚಪ್ ಚಪ್’ ಸದ್ದು ಬರುತ್ತಿದ್ದರೆ ಹಿಡಿತ ಮೇಲಿಂದ ಮೇಲಷ್ಟೇ. ಕುಡಿದು ಬಿಟ್ಟ ಮೇಲೆ ತೊಟ್ಟು ನೋಡಿ. ಗುಂಡಗೆ, ಸ್ವಲ್ಪ ಉದ್ದವಾಗಿದ್ದರೆ ಸರಿ. ಬರೆದು ಬರೆದು ಓರೆಯಾಗಿ ಸವೆದ ಬಳಪದ ತುದಿಯಂತಿದ್ದರೆ ತೊಟ್ಟು ಅಂಗುಳಕ್ಕೆ ಸಿಕ್ಕಿ ಜಜ್ಜಿದೆ ಎಂದು ಅರ್ಥ.

ತಪ್ಪಿದ್ದರೆ ಹಾಗೇ ಎಳೆಯಬೇಡಿ. ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿದರೆ ಹಿಡಿತ ಬಿಡುತ್ತದೆ. ಮತ್ತೆ ಕಚ್ಚಿಸಿ. ಮೊದಲ ದಿನ ಐದಾರು ಸಲ ಬಿಡಿಸಿ ಹಾಕಬೇಕಾಗಿ ಬಂದರೂ ಬೇಸರ ಬೇಡ.

ಹೊಲಿಗೆ ನೋವಿದೆ, ಕೂರಲು ಆಗುತ್ತಿಲ್ಲ.

ಮಲಗಿ ಕುಡಿಸಿ. ಪಕ್ಕಕ್ಕೆ ಹೊರಳಿ, ಬೆನ್ನಿಗೆ ದಿಂಬು, ಮಗುವಿನ ಮೂಗು ತೊಟ್ಟಿನ ನೇರಕ್ಕೆ. ಸಿಸೇರಿಯನ್ ಆದವರು ಮಗುವನ್ನು ಕಂಕುಳಡಿ, ಹಬ್ಬಕ್ಕೆ ಕುಂಬಳಕಾಯಿ ಹೊತ್ತು ತರುವ ಹಾಗೆ ಹಿಡಿದರೆ ಹೊಟ್ಟೆಯ ಹೊಲಿಗೆಗೆ ಕಾಲು ತಾಗುವುದಿಲ್ಲ. ಮಗುವಿನ ಕಾಲು ನಿಮ್ಮ ಬೆನ್ನಿನ ಕಡೆ, ತಲೆ ಅಂಗೈಯಲ್ಲಿ. ಅವಳಿ ಮಕ್ಕಳಿಗೂ ಇದೇ ಅನುಕೂಲ, ಎರಡು ಕಂಕುಳಿಗೆ ಎರಡು.

ದಿನಕ್ಕೆ ಎಷ್ಟು ಸಲ? ಎಷ್ಟು ನಿಮಿಷ?

24 ಗಂಟೆಯಲ್ಲಿ 8ರಿಂದ 12 ಸಲ. ಗಡಿಯಾರ ಮರೆತು ಮಗುವನ್ನು ನೋಡಿ: ತಲೆ ಆಚೀಚೆ ಹೊರಳಿಸುವುದು, ಬಾಯಿ ಚಪ್ಪರಿಸುವುದು, ಕೈ ಬಾಯಿಗೆ ಒಯ್ಯುವುದು ಹಸಿವಿನ ಸೂಚನೆ. ಅಳುವುದು ಕೊನೆಯ ಸೂಚನೆ. ಅಳುವ ಮಗುವಿನ ನಾಲಿಗೆ ಮೇಲೆದ್ದಿರುತ್ತದೆ, ಕಚ್ಚಿಸಲು ಬಾರದು. ಮೊದಲು ಎದೆಗೆ ಅಪ್ಪಿ ಸುಮ್ಮನಾಗಿಸಿ.

ಒಂದು ಮೊಲೆ ಪೂರ್ತಿ ಕುಡಿದು ತಾನಾಗಿ ಬಿಟ್ಟ ಮೇಲೆ ಇನ್ನೊಂದಕ್ಕೆ ಹಾಕಿ. ಮೊದಲು ಬರುವ ಹಾಲು ತೆಳ್ಳಗೆ, ಮೊಲೆ ಖಾಲಿಯಾದಷ್ಟೂ ಕೊಬ್ಬು ಹೆಚ್ಚು. ಹತ್ತು ನಿಮಿಷಕ್ಕೆ ಕಿತ್ತು ಇನ್ನೊಂದಕ್ಕೆ ಹಾಕಿದರೆ ಮಗುವಿಗೆ ಬರೀ ತೆಳು ಹಾಲೇ ಸಿಕ್ಕುತ್ತದೆ. ಮೊದಲ ವಾರಗಳಲ್ಲಿ ಮೂರು ಗಂಟೆ ದಾಟಿ ಮಲಗಿದ್ದರೆ ಎಬ್ಬಿಸಿ: ಹೊದಿಕೆ ತೆಗೆಯಿರಿ, ಲಂಗೋಟಿ ಬದಲಿಸಿ, ಅಂಗಾಲು ಉಜ್ಜಿ. ಹಂಡೆ ನೀರಲ್ಲಿ ಎಣ್ಣೆ ನೀವಿ ಮೀಯಿಸಿದ ಮೇಲೆ ಮಕ್ಕಳು ನಾಲ್ಕೈದು ಗಂಟೆ ಏಳುವುದಿಲ್ಲ. ಅಜ್ಜಿಯರಿಗೆ ಅದು ಖುಷಿ. ತೂಕ ಕಡಿಮೆ ಇರುವ, ಕಾಮಾಲೆ ಇರುವ ಮಗುವಿಗೆ ಆ ನಿದ್ದೆ ಒಳ್ಳೆಯದಲ್ಲ. ಮೀಯಿಸುವ ಮೊದಲೊಮ್ಮೆ ಕುಡಿಸಿಬಿಡಿ, ಸಾಂಬ್ರಾಣಿ ಹೊಗೆ ಮಗುವಿನ ಮುಖಕ್ಕೆ ಹಾಕಬೇಡಿ.

ರಾತ್ರಿಯ ಹಾಲು ತಪ್ಪಿಸಬೇಡಿ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೆಚ್ಚು ಬರುತ್ತದೆ.

ಸಂಜೆಯಾದರೆ ಬಿಡದೆ ಕುಡಿಯುತ್ತೆ, ಬಿಟ್ಟರೆ ಅಳುತ್ತೆ. ಹಾಲು ಸಾಲುತ್ತಿಲ್ಲ ಅಲ್ವಾ?

ಬಹುಪಾಲು ಸಾಲುತ್ತಿರುತ್ತದೆ. ಮೊದಲ ತಿಂಗಳುಗಳಲ್ಲಿ ಸಂಜೆ ಹೊತ್ತು ಮಕ್ಕಳು ಹೀಗೇ. ಎರಡು ಮೂರನೇ ವಾರದಲ್ಲಿ, ಆರನೇ ವಾರದ ಹೊತ್ತಿಗೆ ಒಂದೆರಡು ದಿನ ಇದು ಇನ್ನೂ ಜೋರಾಗಬಹುದು. ಮೊಲೆ ಮೆತ್ತಗಾಗಿದೆ, ಹಿಂಡಿದರೆ ಸ್ವಲ್ಪವೇ ಬರುತ್ತದೆ, ಮಗು ಅಳುತ್ತದೆ: ಈ ಮೂರರಿಂದ ಹಾಲಿನ ಅಳತೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಲಂಗೋಟಿಯಿಂದ ಮತ್ತು ತಕ್ಕಡಿಯಿಂದ.

ಉಚ್ಚೆ: ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು, ಹೀಗೆ ಏರುತ್ತಾ ಐದಾರನೇ ದಿನದಿಂದ ದಿನಕ್ಕೆ 6ಕ್ಕಿಂತ ಹೆಚ್ಚು ಸಲ, ಬಣ್ಣವಿಲ್ಲದ ಅಥವಾ ತಿಳಿ ಹಳದಿ ಉಚ್ಚೆ. ಡೈಪರ್ ಹಾಕಿದರೆ ಲೆಕ್ಕ ತಪ್ಪುತ್ತದೆ, ಮೊದಲ ಎರಡು ವಾರ ಬಟ್ಟೆ ಲಂಗೋಟಿಯೇ ಒಳ್ಳೆಯದು. ಮೊದಲೆರಡು ದಿನ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂತೆ ಕೆಂಪು ಕಲೆ ಕಂಡರೆ ಹೆದರಬೇಡಿ. ಐದನೇ ದಿನವೂ ಕಂಡರೆ ಹಾಲು ಕಡಿಮೆ ಹೋಗುತ್ತಿದೆ, ತೋರಿಸಿ. ಮಲ: ಮೊದಲೆರಡು ದಿನ ಟಾರಿನಂತೆ ಕಪ್ಪು, ಮೂರು ನಾಲ್ಕಕ್ಕೆ ಹಸಿರುಗಂದು, ಐದರ ಹೊತ್ತಿಗೆ ಸಾಸಿವೆ ಹಳದಿ. ಐದನೇ ದಿನವೂ ಕಪ್ಪೇ ಇದ್ದರೆ ಸರಿಯಿಲ್ಲ.

ತೂಕ: ಮೊದಲ ದಿನಗಳಲ್ಲಿ ಎಲ್ಲ ಮಕ್ಕಳೂ ಇಳಿಯುತ್ತವೆ, 3 ಕಿಲೋ ಮಗು ಇನ್ನೂರು ಗ್ರಾಂ ಇಳಿದರೆ ಸಹಜ. ನೂರಕ್ಕೆ 10 ಮುಟ್ಟಿದರೆ, ಅಂದರೆ ಅದೇ ಮಗು 2 ಕಿಲೋ 700ಕ್ಕೆ ಬಂದರೆ, ವೈದ್ಯರು ನೋಡಲೇಬೇಕು. 10ರಿಂದ 14 ದಿನದೊಳಗೆ ಹುಟ್ಟಿದ ತೂಕ ತಿರುಗಿ ಬರಬೇಕು. ಆಮೇಲೆ ಮೂರು ತಿಂಗಳ ತನಕ ದಿನಕ್ಕೆ 20ರಿಂದ 30 ಗ್ರಾಂ. ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿಸಿ. ಉಪಕೇಂದ್ರದ ತಕ್ಕಡಿಗೂ ಮೆಡಿಕಲ್ ಶಾಪಿನ ತಕ್ಕಡಿಗೂ ನೂರು ಗ್ರಾಂ ಫರಕು ಬಂದು ಮನೆಯಲ್ಲಿ ಅಳು ಎದ್ದಿರುತ್ತದೆ.

ರಾತ್ರಿ ಒಂದು ಹೊತ್ತು ಡಬ್ಬಿ ಹಾಲು ಕೊಟ್ಟರೆ ಏನು ತಪ್ಪು?

ಹಾಸನದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಹೊತ್ತು ಕರೆಯದೆ ಬಿಟ್ಟ ಹಸು ಏನಾಗುತ್ತದೆ? ನಾಲ್ಕು ದಿನದಲ್ಲಿ ಇಳುವರಿ ಇಳಿಯುತ್ತದೆ. ಹಸುವನ್ನು ಬತ್ತಿಸುವುದೂ ಹಾಗೇ ತಾನೆ. ಮೊಲೆಯೊಳಗೆ ಹಾಲು ನಿಂತಷ್ಟೂ ತಯಾರಿಕೆ ನಿಲ್ಲುತ್ತದೆ, ಖಾಲಿಯಾದಷ್ಟೂ ಹೆಚ್ಚುತ್ತದೆ. ಒಂದು ಬಾಟಲಿ ಕುಡಿದು ಮಗು ಐದು ಗಂಟೆ ಮಲಗಿದರೆ ಎರಡು ಸಲದ ಚೀಪುವಿಕೆ ತಪ್ಪಿತು. ಮರುದಿನ ಹಾಲು ನಿಜವಾಗಿ ಕಡಿಮೆಯಾಗುತ್ತದೆ, ಆಗ ಎರಡು ಬಾಟಲಿ. ಹಾಲು ಸಾಲದು ಎನ್ನುವ ಹೆದರಿಕೆಯೇ ಹಾಲು ಸಾಲದಂತೆ ಮಾಡುವುದು ಹೀಗೆ. ಬಾಟಲಿಯಲ್ಲಿ ಬಾಯಿ ಅಗಲಿಸುವ ಕೆಲಸವೂ ಇಲ್ಲ, ಆ ರುಚಿ ಹತ್ತಿದ ಕೆಲವು ಮಕ್ಕಳು ಮೊಲೆಯ ತುದಿಯನ್ನಷ್ಟೇ ಹಿಡಿಯುತ್ತವೆ.

ಡಬ್ಬಿ ಹಾಲು ನಿಜಕ್ಕೂ ಬೇಕಾಗುವ ಸಂದರ್ಭಗಳಿವೆ: ಮಗುವಿನ ಸಕ್ಕರೆ ಅಂಶ ಇಳಿದಿದೆ, ತೂಕ ತೀರಾ ಕುಸಿದಿದೆ, ತಾಯಿಗೆ ಮೊಲೆಯ ಆಪರೇಷನ್ ಆಗಿದೆ, ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿದೆ, ಮಾಸಿನ ಚೂರು ಒಳಗೇ ಉಳಿದಿದೆ, ಥೈರಾಯ್ಡ್ ತೊಂದರೆಗೆ ಔಷಧಿ ಆಗಿಲ್ಲ. ವೈದ್ಯರು ನೋಡಿ ಬರೆದರೆ ಕೊಡಿ, ಅದರಲ್ಲಿ ಅಪರಾಧವೇನಿಲ್ಲ. ಒಳಲೆಯಲ್ಲೋ (ಮೂತಿಯಿರುವ ಪುಟ್ಟ ಬಟ್ಟಲು) ಲೋಟದಲ್ಲೋ ಕೊಟ್ಟು, ಎದೆಗೆ ಹಾಕುವುದನ್ನೂ ಹಿಂಡುವುದನ್ನೂ ಮುಂದುವರಿಸಿ. ಎರಡು ವರ್ಷದೊಳಗಿನ ಮಕ್ಕಳ ಹಾಲುಪುಡಿ, ಬಾಟಲಿಗಳ ಜಾಹೀರಾತನ್ನು, ಉಚಿತ ಸ್ಯಾಂಪಲ್ ಹಂಚುವುದನ್ನು 1992ರ ಕಾನೂನು ನಿಷೇಧಿಸಿದೆ. ಯಾರಾದರೂ ಪುಕ್ಕಟೆ ಡಬ್ಬಿ ಕೈಗಿಟ್ಟರೆ ತೆಗೆದುಕೊಳ್ಳಬೇಡಿ.

ತೊಟ್ಟು ಒಡೆದು ರಕ್ತ ಬರುತ್ತಿದೆ. ಎರಡು ದಿನ ಬಿಡಬೇಕಾ?

ಬಿಟ್ಟರೆ ಎದೆ ಕಟ್ಟಿಕೊಂಡು ಇನ್ನೊಂದು ಕಷ್ಟ ಸೇರುತ್ತದೆ. ಒಡೆದಿದ್ದು ಕಚ್ಚಿಸಿದ್ದು ತಪ್ಪಿದ್ದರಿಂದ, ಅದನ್ನು ತಿದ್ದಿದರೆ ಕೆಲವೇ ದಿನದಲ್ಲಿ ಮಾಯುತ್ತದೆ. ನೋವು ಕಡಿಮೆ ಇರುವ ಕಡೆ ಮೊದಲು ಹಾಕಿ. ಕುಡಿಸಿದ ಮೇಲೆ ಕೊನೆಯ ಹನಿ ಹಾಲನ್ನೇ ತೊಟ್ಟಿಗೆ ಸವರಿ ಗಾಳಿಗೆ ಆರಲು ಬಿಡಿ. ಪ್ರತಿ ಸಲ ಸೋಪು ಹಾಕಿ ತೊಳೆಯುವುದು, ಡೆಟಾಲ್ ಒರೆಸುವುದು ಚರ್ಮವನ್ನು ಒಣಗಿಸಿ ಇನ್ನಷ್ಟು ಸೀಳಿಸುತ್ತವೆ. ದಿನಕ್ಕೊಂದು ಸ್ನಾನ ಸಾಕು. ಮಗುವಿನ ಹೊಟ್ಟೆಗೆ ಹೋದ ರಕ್ತದಿಂದ ಅಪಾಯವಿಲ್ಲ, ವಾಂತಿಯಲ್ಲಿ ಒಂದೆಳೆ ಕೆಂಪು ಕಂಡರೆ ಅದು ನಿಮ್ಮದೇ.

ಕಚ್ಚಿಸುವುದು ಸರಿಯಾಗಿದ್ದೂ ವಾರವಾದರೂ ಉರಿ, ತುರಿಕೆ ಹೋಗದಿದ್ದರೆ ಮಗುವಿನ ನಾಲಿಗೆ ನೋಡಿ. ಒರೆಸಿದರೂ ಹೋಗದ ಬಿಳಿ ಪದರ ಇದ್ದರೆ ಬೂಷ್ಟಿನ (ಫಂಗಸ್) ಸೋಂಕು. ಇಬ್ಬರಿಗೂ ಒಟ್ಟಿಗೆ ಔಷಧಿ ಆಗಬೇಕು. ಮಲೆನಾಡಿನ ಜೂನ್-ಜುಲೈಯಲ್ಲಿ ಇದು ಹೆಚ್ಚು. ಬ್ಲೌಸು ಒಣಗುವುದಿಲ್ಲ, ಹಾಲು ಸೋರಿ ಒದ್ದೆಯಾದ ಬಟ್ಟೆ ಎದೆಗೆ ಅಂಟಿಕೊಂಡೇ ಇರುತ್ತದೆ. ಹಳೆಯ ಹತ್ತಿ ಪಂಚೆ ಹರಿದು ಅಂಗೈಯಗಲದ ತುಂಡು ಹತ್ತಿಪ್ಪತ್ತು ಮಾಡಿಟ್ಟುಕೊಂಡು, ಒದ್ದೆಯಾದ ಹಾಗೆ ಬದಲಿಸಿ. ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿದರೆ ಒಲೆ ಮೇಲೆ ನೇತುಹಾಕಿದ ಬಟ್ಟೆಯ ಹೊಗೆ ವಾಸನೆಯೂ ತಪ್ಪುತ್ತದೆ.

ಮೂರನೇ ದಿನ ಎದೆ ಕಲ್ಲಿನಂತಾಗಿದೆ, ಮಗುವಿಗೆ ಹಿಡಿಯಲು ಆಗುತ್ತಿಲ್ಲ.

ಹಾಲು ಕಟ್ಟಿಕೊಂಡಿದೆ. ಹಾಲಿನ ಜೊತೆ ರಕ್ತ, ನೀರೂ ಅಲ್ಲಿ ತುಂಬಿರುವುದರಿಂದ ಅಷ್ಟು ಗಟ್ಟಿ. ಕುಡಿಸುವ ಮೊದಲು ತೊಟ್ಟಿನ ಬುಡದ ಸುತ್ತ ಐದೂ ಬೆರಳ ತುದಿ ಇಟ್ಟು, ಎದೆಗೂಡಿನ ಕಡೆಗೆ ಮೆಲ್ಲಗೆ ಒತ್ತಿ ಒಂದು ನಿಮಿಷ ಹಿಡಿಯಿರಿ. ನೀರು ಹಿಂದಕ್ಕೆ ಸರಿದು ಕಪ್ಪು ಭಾಗ ಮೆತ್ತಗಾಗುತ್ತದೆ, ಆಗ ಮಗು ಕಚ್ಚುತ್ತದೆ. ಬಿಸಿ ಬಟ್ಟೆ ಒಂದೆರಡು ನಿಮಿಷ, ಕುಡಿಸುವ ಮೊದಲು ಮಾತ್ರ. ಕುಡಿಸಿದ ಮೇಲೆ ತಣ್ಣೀರ ಬಟ್ಟೆ ಹತ್ತು ಹದಿನೈದು ನಿಮಿಷ. ಬಾಣಂತಿಗೆ ತಣ್ಣೀರು ಸೋಕಿಸಬಾರದು ಎಂದು ಮನೆಯವರು ತಡೆದರೆ, ಊತ ಇಳಿಸಲು ಎದೆಗೆ ಮಾತ್ರ ಎಂದು ಹೇಳಿ. ಜೋರಾಗಿ ನೀವುವುದು ಬೇಡ, ಊತ ಹೆಚ್ಚುತ್ತದೆ.

ಒಂದು ಕಡೆ ಕೆಂಪಗಾಗಿ, ಚಳಿ ಜ್ವರ ಬಂದಿದೆ.

ಬಾವು. ಆ ಮೊಲೆಯಿಂದಲೂ ಕುಡಿಸಿ, ಆ ಹಾಲು ಮಗುವಿಗೆ ಕೆಡುಕಲ್ಲ. ತಣ್ಣನೆ ಬಟ್ಟೆ, ವಿಶ್ರಾಂತಿ, ವೈದ್ಯರು ಹೇಳಿದಂತೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್. 24 ಗಂಟೆಯಲ್ಲಿ ಇಳಿಯದಿದ್ದರೆ, ಅಥವಾ ಮೊದಲೇ ಜ್ವರ 38.5 ಡಿಗ್ರಿ ದಾಟಿದ್ದರೆ ಆ್ಯಂಟಿಬಯಾಟಿಕ್ ಬೇಕಾಗುತ್ತದೆ, ಆಸ್ಪತ್ರೆಗೆ ಹೋಗಿ. ಒತ್ತಿದರೆ ನೀರಿನ ಚೀಲದಂತೆ ಆಡುವ ಗಡ್ಡೆ ಕಂಡರೆ ಕೀವು ತುಂಬಿರಬಹುದು, ಅದನ್ನು ತೆಗೆಸಬೇಕು. ಸೊಪ್ಪು ಅರೆದು ಕಟ್ಟಿ ಕಾಯುತ್ತ ಕೂರುವ ಹೊತ್ತಲ್ಲ ಅದು.

ತೊಟ್ಟು ಒಳಗೆ ಹೋಗಿದೆ. ಕುಡಿಸಲು ಆಗುತ್ತಾ?

ಆಗುತ್ತದೆ. ಮಗು ಹಿಡಿಯುವುದು ಮೊಲೆಯನ್ನು, ತೊಟ್ಟನ್ನಲ್ಲ. ಕುಡಿಸುವ ಮೊದಲು 10 ಅಥವಾ 20 ಮಿ.ಲೀ. ಹೊಸ ಸಿರಿಂಜ್ ತೆಗೆದುಕೊಂಡು ಸೂಜಿ ಹಾಕುವ ತುದಿಯನ್ನು ಕತ್ತರಿಸಿ. ಒಳದಂಡವನ್ನು ಹೊರತೆಗೆದು ಕತ್ತರಿಸಿದ ಕಡೆಯಿಂದ ತೂರಿಸಿ. ನುಣುಪಾದ ಕಡೆಯನ್ನು ತೊಟ್ಟಿನ ಮೇಲಿಟ್ಟು ಮೆಲ್ಲಗೆ ಎಳೆದು ಅರ್ಧದಿಂದ ಒಂದು ನಿಮಿಷ ಹಿಡಿಯಿರಿ. ಕತ್ತರಿಸಿದ ಕಡೆ ಯಾವತ್ತೂ ಮೈಗೆ ತಾಗಬಾರದು. ನೋವಾದರೆ ಎಳೆತ ಕಡಿಮೆ ಮಾಡಿ.

ಹಾಲು ಹಿಂಡಿ ಇಡುವುದು ಹೇಗೆ? ಎಷ್ಟು ಹೊತ್ತು ಕೆಡುವುದಿಲ್ಲ?

ಕೈ ಸೋಪಿನಲ್ಲಿ ತೊಳೆದು, ಕುದಿಸಿದ ಅಗಲ ಬಾಯಿಯ ಸ್ಟೀಲ್ ಬಟ್ಟಲು ಇಟ್ಟುಕೊಳ್ಳಿ. ಮಗುವನ್ನು ಹತ್ತಿರ ಮಲಗಿಸಿಕೊಳ್ಳಿ. ಹೊಸಬರು ಕರೆಯಲು ಕೂತರೆ ಹಸು ಸೊರೆ ಬಿಡುವುದಿಲ್ಲವಲ್ಲ, ತಾಯಿಗೂ ನೋವು, ಗಾಬರಿ ಇದ್ದಾಗ ಹಾಲು ಇಳಿಯುವುದಿಲ್ಲ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ 3-4 ಸೆಂ.ಮೀ. ಹಿಂದೆ ಇಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳು ಸೇರಿಸಿ ಹಿಸುಕಿ, ಬಿಡಿ. ಒತ್ತು, ಹಿಸುಕು, ಬಿಡು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಎಳೆಯಬಾರದು. ಮೊದಲ ಒಂದೆರಡು ನಿಮಿಷ ಏನೂ ಬರದಿರಬಹುದು, ಬಿಡಬೇಡಿ. ಬೆರಳನ್ನು ಸುತ್ತಲೂ ಜಾಗ ಬದಲಿಸುತ್ತ, ಒಂದೊಂದು ಕಡೆ ಐದು ನಿಮಿಷದಂತೆ ಒಟ್ಟು 20-30 ನಿಮಿಷ.

ಹಿಂಡಿದ ಹಾಲು ಕೋಣೆಯ ತಂಪಿನಲ್ಲಿ 4 ಗಂಟೆ, ಫ್ರಿಡ್ಜಿನ ಒಳಭಾಗದಲ್ಲಿ 4 ದಿನ ಇರುತ್ತದೆ. ಬಾಗಿಲಿನಲ್ಲಿ ಇಡಬೇಡಿ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವಂತಿಲ್ಲ. ಅಲ್ಲಿ ನಾಲ್ಕು ದಿನದ ಲೆಕ್ಕ ನಂಬಬೇಡಿ, ಅವತ್ತಿನದು ಅವತ್ತೇ ಮುಗಿಸಿ. ಬಿಸಿ ಮಾಡಲು ಬಟ್ಟಲನ್ನು ಬಿಸಿನೀರಲ್ಲಿ ಇಡಿ, ನೇರ ಒಲೆಗೆ ಇಡಬೇಡಿ. ಕೆನೆ ಮೇಲೆ ಬೇರೆಯಾಗಿದ್ದರೆ ಹಾಲು ಕೆಟ್ಟಿಲ್ಲ, ಬಟ್ಟಲು ತಿರುಗಿಸಿದರೆ ಬೆರೆಯುತ್ತದೆ.

ಕೊಡುವುದು ಒಳಲೆಯಲ್ಲಿ. ಮಗುವನ್ನು ಅರ್ಧ ಕೂರಿಸಿದಂತೆ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಗೆ ಆನಿಸಿ, ಹಾಲು ತುಟಿ ಮುಟ್ಟುವಷ್ಟು ಬಾಗಿಸಿ. ಮಗು ತಾನೇ ಹೀರಿಕೊಳ್ಳಬೇಕು. ಹಿಂದಿನವರು ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಕೆನ್ನೆ ಒತ್ತಿ ಸುರಿಯುತ್ತಿದ್ದರು. ಅದರಿಂದ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಮಗು ಎರಡು ಕಿಲೋ ಮಾತ್ರ ಇದೆ.

ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಎರಡು ಗಂಟೆಗೊಮ್ಮೆ ಕುಡಿಸಿ, ಉಳಿದ ಹೊತ್ತು ಕಾಂಗರೂ ಆರೈಕೆ: ಲಂಗೋಟಿ, ಟೊಪ್ಪಿ, ಕಾಲುಚೀಲ ಮಾತ್ರ ಹಾಕಿ, ಬರಿ ಎದೆಗೆ ನೆಟ್ಟಗೆ ಕಟ್ಟಿಕೊಳ್ಳುವುದು. ಅಪ್ಪನೂ, ಅಜ್ಜಿಯೂ ಕಟ್ಟಿಕೊಳ್ಳಬಹುದು. ಮೂಡಿಗೆರೆಯ ಡಿಸೆಂಬರ್ ಚಳಿಯಲ್ಲಿ ಕೆಂಡದ ಬೋಗುಣಿಗಿಂತ ಇದು ಎಷ್ಟೋ ಸುರಕ್ಷಿತ. 34 ವಾರಕ್ಕೆ ಮೊದಲೇ ಹುಟ್ಟಿದ ಮಕ್ಕಳಿಗೆ ಹೀರುವುದು, ನುಂಗುವುದು, ಉಸಿರಾಡುವುದು ಒಟ್ಟಿಗೆ ಹೊಂದುವುದಿಲ್ಲ. ಅವು ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿರುವಾಗ ತಾಯಿ ಮೊದಲ ಕೆಲವು ಗಂಟೆಗಳಲ್ಲೇ ಹಿಂಡಲು ಶುರು ಮಾಡಿ, ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ರಾತ್ರಿಯೂ.

ಬಾಣಂತಿ ಏನು ತಿನ್ನಬೇಕು? ನೀರು ಕುಡಿದರೆ ಮಗುವಿಗೆ ಶೀತ ಆಗುತ್ತಾ? ಕಾಫಿ?

ನೀರು ಕುಡಿದರೆ ಶೀತ ಆಗುವುದಿಲ್ಲ. ಬಾಯಾರಿದಾಗಲೆಲ್ಲ ಕುಡಿಯಿರಿ, ಕುಡಿಸಲು ಕೂರುವಾಗ ಪಕ್ಕದಲ್ಲೊಂದು ಚೊಂಬು ಇರಲಿ. ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಬೇಕು. ಬರೀ ಅನ್ನ, ಮೆಣಸಿನ ಸಾರು, ತುಪ್ಪದ ಪಥ್ಯದಲ್ಲಿ ಅದು ತುಂಬುವುದಿಲ್ಲ. ರಾಗಿ ಮುದ್ದೆ, ಕಾಳು ಸಾರು, ಸೊಪ್ಪು, ಮೊಟ್ಟೆ, ಮೀನು, ಹಣ್ಣು ಯಾವುದಕ್ಕೂ ನಿಷೇಧವಿಲ್ಲ. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ ಒಳ್ಳೆಯ ಊಟ, ತಿನ್ನಿ. ಆದರೆ ಮಗು ಚೀಪದೆ ಬರೀ ಸಬ್ಬಸಿಗೆಯಿಂದ ಹಾಲು ಹೆಚ್ಚುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಹೆರಿಗೆಯಾದ ಮೇಲೂ 180 ದಿನ ನುಂಗಬೇಕು. ಎರಡನ್ನೂ ಒಟ್ಟಿಗೆ ನುಂಗಬೇಡಿ, ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ. ಮಾತೃಪೂರ್ಣ ಯೋಜನೆಯ ಬಿಸಿಯೂಟ ಅಂಗನವಾಡಿಯಲ್ಲಿ ಸಿಗುತ್ತದೆ, ಹೆಸರು ಬರೆಸಿ.

ಕಾಫಿ ಸೀಮೆಯಲ್ಲಿ ಕಾಫಿ ಬಿಡಿ ಎಂದರೆ ಯಾರು ಕೇಳುತ್ತಾರೆ? ಬಿಡಬೇಕಾಗಿಯೂ ಇಲ್ಲ. 150 ಮಿ.ಲೀ. ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ. ಕೆಫೀನ್ ಇರುತ್ತದೆ, ದಿನದ ಮಿತಿ 300. ಸಣ್ಣ ಲೋಟದಲ್ಲಿ ಎರಡು ಸಲ ಸಾಕು. ಎಳೆಗೂಸಿನ ಮೈಯಿಂದ ಕೆಫೀನ್ ಹೊರಹೋಗಲು ದಿನಗಟ್ಟಲೆ ಬೇಕು, ಆದ್ದರಿಂದ ಮಗು ನಿದ್ದೆಗೆಟ್ಟು ಕಿರಿಕಿರಿ ಮಾಡುತ್ತಿದ್ದರೆ ವಾರವಾದರೂ ಕಡಿಮೆ ಮಾಡಿ ನೋಡಿ.

ತಾಯಿಗೆ ಜ್ವರ, ನೆಗಡಿ ಬಂದರೆ? ಮಾತ್ರೆ ನುಂಗಿದರೆ?

ಕುಡಿಸಿ. ನಿಮ್ಮ ಮೈ ಆ ಸೋಂಕಿಗೆ ತಯಾರಿಸುವ ಪ್ರತಿಕಾಯ ಹಾಲಿನಲ್ಲಿ ಮಗುವಿಗೂ ಹೋಗುತ್ತದೆ. ಹೆಚ್ಚಿನ ಔಷಧಿಗಳಿಂದ ತೊಂದರೆಯಿಲ್ಲ, ಆದರೂ ವೈದ್ಯರ ಬಳಿ ‘ಎದೆಹಾಲು ಕುಡಿಸುತ್ತಿದ್ದೇನೆ’ ಎಂದು ಮೊದಲೇ ಹೇಳಿ. ಮೂಗು ಕಟ್ಟಿದ್ದಕ್ಕೆ ಸ್ಯೂಡೊಎಫೆಡ್ರಿನ್ ಇರುವ ಮಾತ್ರೆ, ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆ ಹಾಲು ಇಳಿಸುತ್ತವೆ. ಕ್ಯಾನ್ಸರ್ ಔಷಧಿ, ವಿಕಿರಣ ಚಿಕಿತ್ಸೆ, ಎಚ್‌ಐವಿ ಇದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ತೋಟದ ಕೆಲಸಕ್ಕೆ ವಾಪಸ್ ಹೋಗಬೇಕು. ಹಾಲು ಬಿಡಿಸಬೇಕಾ?

ಬೇಡ. ಕಾನೂನಿನಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಇದೆ, ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಇದೆ. ಹಣ್ಣು ಕೊಯ್ಯುವ ಕಾಲದಲ್ಲಿ ದಿನಗೂಲಿಗೆ ಹೋಗುವವರಿಗೆ ಇದು ಸಿಗುವುದು ಕಷ್ಟವೆಂದು ಬಲ್ಲೆವು. ಅಂಥವರು ಬೆಳಿಗ್ಗೆ ಹೊರಡುವ ಮೊದಲು ಕುಡಿಸಿ, ಹಿಂಡಿಟ್ಟು, ಮಧ್ಯಾಹ್ನ ಊಟದ ಹೊತ್ತಿಗೆ ಲೈನ್ ಮನೆಗೆ ಬಂದು ಕುಡಿಸಿ, ಸಂಜೆಯಿಂದ ಬೆಳಗಿನ ತನಕ ಮಗು ಕೇಳಿದಷ್ಟೂ ಕೊಟ್ಟರೆ ಹಾಲು ಬತ್ತುವುದಿಲ್ಲ. ಗಿಡಕ್ಕೆ ಔಷಧಿ ಹೊಡೆದ ದಿನ ಕೈ, ಎದೆ ತೊಳೆದು, ಬಟ್ಟೆ ಬದಲಿಸಿಯೇ ಮಗುವನ್ನು ಮುಟ್ಟಿ. ಹೊಡೆಯುವ ಕೆಲಸವನ್ನೇ ಬೇರೆಯವರಿಗೆ ಬಿಟ್ಟರೆ ಇನ್ನೂ ಒಳ್ಳೆಯದು.

ಎಷ್ಟು ದಿನ ಕುಡಿಸಬೇಕು?

ಆರು ತಿಂಗಳು ಬರೀ ಎದೆಹಾಲು. ಆಮೇಲೆ ಮೆತ್ತಗಿನ ಊಟದ ಜೊತೆ ಎರಡು ವರ್ಷ, ಇಷ್ಟವಿದ್ದರೆ ಮುಂದೂ.

ಯಾರನ್ನು ಕೇಳುವುದು? ಯಾವಾಗ ಆಸ್ಪತ್ರೆಗೆ ಓಡಬೇಕು?

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರಬೇಕು. ಗಂಡನ ಮನೆಯ ಊರಲ್ಲಿ ಹೆಸರಿದ್ದು ನೀವು ತವರಿನಲ್ಲಿದ್ದರೆ ಈ ಭೇಟಿ ತಪ್ಪಿಹೋಗುತ್ತದೆ. ತವರಿಗೆ ಬಂದ ಕೂಡಲೇ ಅಲ್ಲಿಯ ಆಶಾಗೆ ತಾಯಿ ಕಾರ್ಡ್ ತೋರಿಸಿ. ಅವರು ಬಂದಾಗ ಮಗು ಮಲಗಿದೆ ಎಂದು ಕಳಿಸಿಬಿಡಬೇಡಿ, ಎಬ್ಬಿಸಿ ಅವರೆದುರೇ ಒಮ್ಮೆ ಕುಡಿಸಿ.

ಮಗು ಕುಡಿಯುವುದನ್ನೇ ಬಿಟ್ಟಿದೆ, ಎಬ್ಬಿಸಿದರೂ ಏಳುತ್ತಿಲ್ಲ, ಮೊದಲ ದಿನಗಳು ಕಳೆದ ಮೇಲೆ ಎಂಟು ಗಂಟೆ ಹೊತ್ತು ಉಚ್ಚೆಯೇ ಇಲ್ಲ, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚು, ಹೊಟ್ಟೆ ಮುಟ್ಟಿದರೆ ತಣ್ಣಗಿದೆ ಅಥವಾ ಸುಡುತ್ತಿದೆ, ಅಂಗೈ ಅಂಗಾಲಿಗೆ ಹಳದಿ ಇಳಿದಿದೆ, ಹುಟ್ಟಿದ ಮೊದಲ ದಿನವೇ ಹಳದಿ ಕಂಡಿದೆ, ಫಿಟ್ಸ್ ಬಂದಿದೆ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಬಿಸಿಲಿಗೆ ಹಿಡಿದರೆ ಕಾಮಾಲೆ ಇಳಿಯುತ್ತದೆ ಎಂದು ದಿನ ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ತಾಯಿ ಕಾರ್ಡ್ ಚೀಲಕ್ಕೆ ಹಾಕಿಕೊಳ್ಳಿ. ಘಟ್ಟದ ರಸ್ತೆಯಲ್ಲಿ ಆಸ್ಪತ್ರೆ ಮುಟ್ಟಲು ಒಂದು ಗಂಟೆ ಹಿಡಿಯಬಹುದು. ಅಷ್ಟು ಹೊತ್ತೂ ಮಗುವಿನ ಬರಿ ಮೈ ನಿಮ್ಮ ಬರಿ ಎದೆಗೆ ತಾಗಿರಲಿ, ಮೇಲೆ ಶಾಲು ಸುತ್ತಿ, ಮೂಗು ಬಾಯಿ ಮುಚ್ಚದಂತೆ ಮುಖ ಪಕ್ಕಕ್ಕೆ ಇರಲಿ. ಎಚ್ಚರವಾಗಿದ್ದು ಚೀಪಿದರೆ ದಾರಿಯಲ್ಲೇ ಕುಡಿಸಿ, ಚೀಪದಿದ್ದರೆ ಬಾಯಿಗೆ ಏನೂ ಹಾಕಬೇಡಿ.